ಗೇಮ್ ಬಗ್ಗೆ ನಿಮ್ಮ ಅಭಿಪ್ರಾಯವೇ ಬಂಡವಾಳ: 9 ಸೂತ್ರಗಳು

ಬೆಳಗ್ಗೆ ಯಲಹಂಕದಲ್ಲಿ ಬಸ್ ಹತ್ತಿ ನೋಡಿ. ಹೆಬ್ಬಾಳ ಫ್ಲೈಓವರ್ ಹತ್ತಿರ ಟ್ರಾಫಿಕ್ ನಿಂತಿತೋ, ಸುತ್ತಲಿನ ಮೊಬೈಲ್‌ಗಳಲ್ಲಿ ಗೇಮ್ ಶುರು. ಜೊತೆಗೆ ಮಾತೂ ಶುರು. "ಮಗಾ, ಈ ಅಪ್‌ಡೇಟ್ ವೇಸ್ಟ್", "ಆ ಗನ್ ಸಖತ್". ಯಾಕೆ ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಆ "ಯಾಕೆ"ಗೆ ಉತ್ತರ ಕೊಡಬಲ್ಲವನು ದುಡ್ಡು ಉಳಿಸುತ್ತಾನೆ, ಒಳ್ಳೆಯ ವಿಮರ್ಶೆ ಬರೆಯುತ್ತಾನೆ, ಗೇಮ್ ಸ್ಟುಡಿಯೋದ ಇಂಟರ್‌ವ್ಯೂನಲ್ಲೂ ಧೈರ್ಯವಾಗಿ ಕೂರುತ್ತಾನೆ. ನೀವು ಆ ಜಾಗಕ್ಕೆ ಬರಬೇಕು. ಹೀಗೆ ಮಾಡಿ.

1. "ಸಖತ್", "ವೇಸ್ಟ್" ಎರಡನ್ನೂ ಬಿಡಿ.
ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಆಡಿದ ಮೇಲೆ ಮೂರು ಸಾಲು ಬರೆಯಿರಿ: ಎಲ್ಲಿ ಸಿಟ್ಟು ಬಂತು, ಎಲ್ಲಿ ಬೇಜಾರಾಯಿತು, ಯಾವಾಗ "ಇನ್ನೊಂದೇ ಸಲ" ಅನ್ನಿಸಿತು. ಚೆಕ್‌ಪಾಯಿಂಟ್ ದೂರ ಇತ್ತಾ? ಜಂಪ್ ಬಟನ್ ಒತ್ತಿದ ಮೇಲೆ ಪಾತ್ರ ತಡವಾಗಿ ಹಾರಿತಾ? ಕಾರಣ ಸಿಕ್ಕಿತೆಂದರೆ ಅದು ಡಿಸೈನ್ ಜ್ಞಾನ. ಬರೀ ಸಿಟ್ಟಿನಿಂದ ಏನೂ ಸಿಗುವುದಿಲ್ಲ.

2. ಪ್ರೀ-ಆರ್ಡರ್ ಮಾಡಬೇಡಿ.
ಸೈಬರ್‌ಪಂಕ್ 2077 ನೆನಪಿಸಿಕೊಳ್ಳಿ. 2020ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟಿತ್ತೆಂದರೆ, ಸೋನಿ ಎಂಟೇ ದಿನದಲ್ಲಿ ಅದನ್ನು ತನ್ನ ಸ್ಟೋರ್‌ನಿಂದ ತೆಗೆಯಿತು. ಅದೇ ಆಟ 2023ರ 2.0 ಅಪ್‌ಡೇಟ್ ಹೊತ್ತಿಗೆ ನಿಜಕ್ಕೂ ದೊಡ್ಡ ಆಟವಾಗಿತ್ತು. ಕಾದವರಿಗೆ ಕಡಿಮೆ ಬೆಲೆಗೆ ಒಳ್ಳೆಯ ಆಟ ಸಿಕ್ಕಿತು. ಡಿಜಿಟಲ್ ಕಾಪಿ ಖಾಲಿಯಾಗುವ ಸರಕಲ್ಲ, ಆತುರ ಯಾಕೆ? ವಿಶ್‌ಲಿಸ್ಟ್‌ಗೆ ಹಾಕಿ, ಸೇಲ್ ಬರಲಿ.

3. ಮೊದಲ ಎರಡು ಗಂಟೆ ಗಡಿಯಾರ ನೋಡಿಕೊಂಡು ಆಡಿ.
ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ರೀಫಂಡ್ ಕೇಳಬಹುದು. 2015ರಿಂದ ಈ ನಿಯಮ ಇದೆ. ಆ ಎರಡು ಗಂಟೆಯಲ್ಲಿ ಆಟ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುತ್ತದಾ, ಕೈಗೆ ಹಿಡಿಸುತ್ತದಾ ಎಂದು ತೀರ್ಮಾನಿಸಿ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಹಾಗಲ್ಲ, ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ. ಅಲ್ಲಿ ಕೊಳ್ಳುವ ಮುಂಚೆ ಡೆಮೊ ಇದೆಯಾ ನೋಡಿ.

4. ಆಟಕ್ಕಾಗಿ ಮೆಷಿನ್ ಅಲ್ಲ, ಮೆಷಿನ್‌ಗೆ ತಕ್ಕ ಆಟ.
ಗ್ರಾಫಿಕ್ಸ್ ಕಾರ್ಡ್‌ಗೆಂದು ಎಸ್.ಪಿ. ರೋಡ್‌ಗೆ ಓಡಬೇಡಿ, ಇಎಂಐ ಹೊರೆಯೂ ಬೇಡ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಎರಿಕ್ ಬ್ಯಾರೋನ್ ಎಂಬ ಒಬ್ಬನೇ ವ್ಯಕ್ತಿ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಮಾಡಿ 2016ರಲ್ಲಿ ಬಿಟ್ಟ ಆಟ ಅದು.

5. ವಿಮರ್ಶೆಯನ್ನು ಹಿಂದಿನಿಂದ ಓದಿ.
ಸ್ಟೀಮ್‌ನ ಶೇಕಡಾ 90 ಅಂದರೆ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಅಲ್ಲ. ನೂರರಲ್ಲಿ 90 ಜನ "ಆಡಬಹುದು" ಅಂದಿದ್ದಾರೆ, ಅಷ್ಟೇ. ಎಷ್ಟು ಇಷ್ಟವಾಯಿತು ಅನ್ನುವುದು ಅದರಲ್ಲಿಲ್ಲ. ಹಾಗಾಗಿ ಮೊದಲು ನೆಗೆಟಿವ್ ರಿವ್ಯೂ ತೆರೆಯಿರಿ. ಬರೆದವರು ಎಷ್ಟು ಗಂಟೆ ಆಡಿದ್ದಾರೆ ನೋಡಿ. ಇಪ್ಪತ್ತು ಗಂಟೆ ಆಡಿ ಬೇಡ ಅಂದವರ ಮಾತಿಗೆ ತೂಕವಿದೆ. ಒಟ್ಟು ರೇಟಿಂಗ್ ಪಕ್ಕದಲ್ಲಿರುವ ಇತ್ತೀಚಿನ ರೇಟಿಂಗ್ ಕೂಡ ನೋಡಿ. ಎರಡರ ನಡುವೆ ಅಂತರ ದೊಡ್ಡದಿದ್ದರೆ ಏನೋ ನಡೆದಿದೆ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಆಡಲು ಪಿಸಿಯವರಿಗೂ ಸೋನಿ ಅಕೌಂಟ್ ಕಡ್ಡಾಯ ಎಂದಾಗ ನೆಗೆಟಿವ್ ರಿವ್ಯೂಗಳ ಮಳೆಯೇ ಸುರಿಯಿತು. ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ಆಡುವವರು ಬರೆದ ನಾಲ್ಕು ಸಾಲಿಗೆ ಅಷ್ಟು ಬೆಲೆ ಇದೆ.

6. ಮನೆಯ ಚೌಕಾಬಾರ ಹಾಸು ಬಿಚ್ಚಿ.
ಈ ಸೂತ್ರವನ್ನು ಎರಡು ಸಲ ಓದಿ. ಗೇಮ್ ಡಿಸೈನ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಇನ್ನೂ ಸಿಕ್ಕಿಲ್ಲ. ಐದು ಸಾಲು, ಐದು ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಈ ಒಂದು ನಿಯಮ ತೆಗೆದು ಆಡಿ ನೋಡಿ. ಎಲ್ಲರೂ ಕಾಯಿ ಹೊಡೆಯಲಾಗದ ಕತ್ತರಿ ಗುರುತಿನ ಮನೆಗಳಲ್ಲಿ ಬಚ್ಚಿಟ್ಟುಕೊಂಡು, ತಮ್ಮ ಪಾಡಿಗೆ ತಾವು ನಡುಮನೆ ಸೇರಿಬಿಡುತ್ತಾರೆ. ಜಗಳವೂ ಇಲ್ಲ, ಮಜವೂ ಇಲ್ಲ. ಮೊಬೈಲಿನ ಶೂಟಿಂಗ್ ಆಟ ಬಿಜಿಎಂಐಯಲ್ಲಿ ಆಡುವ ಝೋನ್ ಕಿರಿದಾಗುತ್ತಾ ಬರುವುದೂ ಇದೇ ಕಾರಣಕ್ಕೆ: ಅವಿತು ಕೂತವರನ್ನು ಎದುರುಬದುರು ತರಬೇಕು. ಅಜ್ಜಿ ಆಡುತ್ತಿದ್ದ ಆಟಕ್ಕೂ ನಿಮ್ಮ ಫೋನಿನ ಆಟಕ್ಕೂ ಡಿಸೈನ್ ಒಂದೇ.

ಆಡು-ಹುಲಿ ಆಟ ಹಿಡಿಯಿರಿ. ಮೂರು ಹುಲಿ, ಹದಿನೈದು ಆಡು. ಎರಡು ಕಡೆಗೆ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ, ಆದರೂ ಆಟ ಸಮ. ಒಂದು ಆಡು ಕಡಿಮೆ ಮಾಡಿ ಆಡಿ, ಒಂದು ಹುಲಿ ಹೆಚ್ಚಿಸಿ ಆಡಿ, ಏನಾಯಿತು ಬರೆದಿಡಿ. ಇದನ್ನೇ ಸ್ಟುಡಿಯೋಗಳಲ್ಲಿ ಬ್ಯಾಲೆನ್ಸಿಂಗ್ ಅನ್ನುತ್ತಾರೆ. ಆಟ ರೂಪಿಸುವುದು ನಮ್ಮಲ್ಲಿ ಅರಮನೆಯ ವಿದ್ಯೆಯೂ ಆಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಹಲಗೆಯಾಟಗಳನ್ನೂ ಗಂಜೀಫಾ ಆಟಗಳನ್ನೂ ಸ್ವತಃ ರೂಪಿಸಿದವರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ "ಕ್ರೀಡಾ ಕೌಶಲ್ಯ" ಹೆಸರಿನಲ್ಲಿ ಇಂಥ ಆಟಗಳ ಪ್ರದರ್ಶನ ನಡೆಸುತ್ತದೆ. ಒಮ್ಮೆ ಹೋಗಿ ಬನ್ನಿ.

7. ವಿಮರ್ಶೆಯನ್ನು ಕನ್ನಡದಲ್ಲಿ ಬರೆಯಿರಿ.
ಇಂಗ್ಲಿಷಿನಲ್ಲಿ "ಇಮ್ಮರ್ಸಿವ್" ಎಂದು ಬರೆದು ತಪ್ಪಿಸಿಕೊಳ್ಳಬಹುದು. ಕನ್ನಡದಲ್ಲಿ ಬರೆಯಲು ಕೂತರೆ, "ಮಳೆಯ ಸದ್ದಿಗೆ ನಾನು ನಿಜವಾಗಲೂ ಮರದಡಿ ಓಡಿದೆ" ಎಂದು ಆದದ್ದನ್ನೇ ಹೇಳಬೇಕಾಗುತ್ತದೆ. ಮುನ್ನೂರು ಪದ ಸಾಕು. ಆಟ ಏನು ಮಾಡಲು ಹೊರಟಿದೆ, ಮಾಡಿತಾ, ಯಾರು ಕೊಳ್ಳಬೇಕು, ಯಾವ ಬೆಲೆಗೆ. ವಾರಕ್ಕೊಂದು ಬರೆಯಿರಿ. ವರ್ಷಕ್ಕೆ 52 ಆಯಿತು, ಅದೇ ನಿಮ್ಮ ಪೋರ್ಟ್‌ಫೋಲಿಯೋದ ಮೊದಲ ಭಾಗ.

8. "ಗೇಮ್ ಆಡಿ ಯಾರು ಉದ್ಧಾರ ಆದ್ರು?" ಅನ್ನುವ ಅನುಮಾನ ಬಿಡಿಸಿಕೊಳ್ಳಿ.
ಮನೆಯಲ್ಲಿ ಈ ಮಾತು ಬರುತ್ತದೆ. ಕೇಳಿ ಕೇಳಿ ಅಭ್ಯಾಸವಾಗಿ ನೀವೇ ನಂಬಿಬಿಡುತ್ತೀರಿ. ಪಕ್ಕಾ ಉತ್ತರ ಇಟ್ಟುಕೊಳ್ಳಿ. 1997ರಲ್ಲೇ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೋ ಶುರು ಮಾಡಿದರು. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ತಯಾರಿಸುವ ರಾಕ್‌ಸ್ಟಾರ್. 2012ರಲ್ಲೇ ದೇಶದಲ್ಲಿ ಮೊದಲು ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಓದಬೇಕೆಂದರೆ ದೂರ ಹೋಗಬೇಕಿಲ್ಲ. ಯಶವಂತಪುರದ ಹತ್ತಿರ ಎಚ್‌ಎಂಟಿ ಲಿಂಕ್ ರೋಡ್‌ನಲ್ಲಿರುವ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲೇ ಎಂ.ಡೆಸ್ ಇದೆ. ಅದರ ಪ್ರವೇಶ ಪರೀಕ್ಷೆಯ ಹೆಸರು ಡಿಎಟಿ. ಇವತ್ತೇ ಹುಡುಕಿ ಓದಿ.
ಒಂದು ಗೆರೆ ಮಾತ್ರ ಗಟ್ಟಿಯಾಗಿ ಎಳೆಯಿರಿ. ದುಡ್ಡು ಕಟ್ಟಿ ಆಡುವ ಆಟ ಬೇಡವೇ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಪಾಸ್ ಮಾಡಿತು, ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಅಪ್ಪ-ಅಮ್ಮನಿಗೆ ಈ ವ್ಯತ್ಯಾಸ ಬಿಡಿಸಿ ಹೇಳಿ.

9. ಒಂದು ಪುಟ್ಟ ಆಟ ಮಾಡಿ, ಬೇರೆಯವರ ಕೈಗೆ ಕೊಡಿ.
ಆಟ ತಯಾರಿಸುವ ಗೋಡೋ ಎಂಜಿನ್ ಪೂರ್ತಿ ಉಚಿತ. ಡೌನ್‌ಲೋಡ್ ಮಾಡಿ. ಮೊದಲ ಆಟ ಐದು ನಿಮಿಷದ್ದಿರಲಿ. ಒಂದು ಪಾತ್ರ, ಒಂದು ಬಟನ್, ಒಂದು ಅಪಾಯ. ನಂತರ ಕಾಲೇಜ್ ಕ್ಯಾಂಟೀನ್‌ನಲ್ಲಿ ಗೆಳೆಯನ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ನೋಡಿ. "ಅಲ್ಲಿ ಒತ್ತು, ಇಲ್ಲಿ ಹಾರು" ಅನ್ನಬೇಡಿ. ಅವನು ಎಲ್ಲಿ ತಡವರಿಸಿದನೋ ಅಲ್ಲಿ ತಪ್ಪು ನಿಮ್ಮದು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಹಂತ ಒಂದು ಸಾಲು ಬರಹವೂ ಇಲ್ಲದೆ ಹಾರುವುದನ್ನು ಕಲಿಸುತ್ತದೆ. ನಿಮ್ಮ ಆಟವೂ ಕಲಿಸಬೇಕು. ಸಿದ್ಧವಾದಾಗ ಇಚ್.ಐಒನಲ್ಲಿ ಉಚಿತವಾಗಿ ಹಾಕಿ. ಪ್ಲೇ ಸ್ಟೋರ್‌ಗೆ ಒಂದು ಸಲದ ಶುಲ್ಕ 25 ಡಾಲರ್, ಸ್ಟೀಮ್‌ಗೆ ಆಟಕ್ಕೆ 100 ಡಾಲರ್, ಅದು ಆಮೇಲೆ.

ಕಡಿಮೆ ಸಮಯದಲ್ಲಿ ತಂಡವಾಗಿ ಆಟ ತಯಾರಿಸುವ ಗ್ಲೋಬಲ್ ಗೇಮ್ ಜಾಮ್ ಪ್ರತಿ ವರ್ಷ ಜನವರಿಯಲ್ಲಿ ಬರುತ್ತದೆ. ಇಬ್ಬರು ಗೆಳೆಯರನ್ನು ಸೇರಿಸಿ ಈಗಲೇ ಒಂದು ತಂಡ ಕಟ್ಟಿ, ಮುಂದಿನ ಜಾಮ್‌ಗೆ ಹೆಸರು ಕೊಡಿ.