ಬಾಂಬರ್ ವಿಮಾನ: ಜೋಡಿಸಿದ ಕೈಗಳು, ಹಾರಿಸಿದ ತಂಡ

ಉದ್ದೇಶ: ಎರಡನೆಯ ಮಹಾಯುದ್ಧದ ಪಾಠದಲ್ಲಿ ವಿದ್ಯಾರ್ಥಿಗಳು ಇಸವಿಗಳನ್ನೂ ದೇಶಗಳ ಹೆಸರುಗಳನ್ನೂ ಕಂಠಪಾಠ ಮಾಡುವುದು ವಾಡಿಕೆ. ರಾಯದುರ್ಗ, ಮಡಕಶಿರಾ ಭಾಗದ ಮಕ್ಕಳಿಗೆ ಆ ಯುದ್ಧ ಪರದೇಶದ ಕಥೆಯಷ್ಟೇ ಅಲ್ಲ. ಯುದ್ಧವಿಮಾನಗಳು ದುರಸ್ತಿಗೊಂಡ ಬೆಂಗಳೂರು ಅವರ ನೆರೆಯಲ್ಲಿದೆ. ಬಾಂಬು ಬಿದ್ದ ವಿಶಾಖಪಟ್ಟಣ ಅವರದೇ ರಾಜ್ಯದಲ್ಲಿದೆ. ಇವೆರಡನ್ನೂ ಒಂದೇ ಪಾಠದಲ್ಲಿ ಬೋಧಿಸಬೇಕು.

ವಿಷಯ ನಿರೂಪಣೆ: ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಸೇರಿತು. ಬಾಂಬರ್, ಸಾಗಣೆ ವಿಮಾನಗಳೂ ಎಂಜಿನ್‌ಗಳೂ ಅಲ್ಲಿ ದುರಸ್ತಿಗೊಂಡವು.

ಅಂದಿನ ಪ್ರಮುಖ ಬಾಂಬರ್‌ಗಳಲ್ಲಿ ಲಿಬರೇಟರ್ ಒಂದು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ, ಎಂಜಿನ್‌ಗಳು ನಾಲ್ಕು. ಒಡಲು, ರೆಕ್ಕೆ, ಬಾಲಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ ಕೊನೆಗೆ ಜೋಡಿಸುತ್ತಿದ್ದರು. ಹಾರಾಟದಲ್ಲಿ ಸಾಮಾನ್ಯವಾಗಿ ಹತ್ತು ಮಂದಿಯ ತಂಡವಿರುತ್ತಿತ್ತು: ಚಾಲಕ, ಸಹಚಾಲಕ, ದಾರಿ ಗುಣಿಸುವವನು, ಬಾಂಬು ಹಾಕುವವನು, ನಿಸ್ತಂತು ನಿರ್ವಾಹಕ, ಎಂಜಿನಿಯರ್, ಬಂದೂಕುಧಾರಿಗಳು. ಒಬ್ಬನ ಲೆಕ್ಕ ತಪ್ಪಿದರೆ ಎಲ್ಲರ ಪ್ರಾಣಕ್ಕೂ ಸಂಚಕಾರ.

ಯುದ್ಧ ಮುಗಿದ ಮೇಲೆ ಇಂತಹ ಅನೇಕ ವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಹಿಂದುಸ್ತಾನ್ ಏರ್‌ಕ್ರಾಫ್ಟ್‌ನ ಕೆಲಸಗಾರರು ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಹೊಂದಿಸಿ, ಹಾರಲು ಬೇಕಾದಷ್ಟು ಮಾತ್ರ ಸರಿಪಡಿಸಿದರು. ಪರೀಕ್ಷಾ ಚಾಲಕ ಜಮ್‌ಶೇದ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಪೂರ್ಣ ದುರಸ್ತಿ ನಡೆದದ್ದು ಅಲ್ಲಿ. 1948ರ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಆರಂಭವಾಯಿತು. ಮುಂದೆ ಸಮುದ್ರದ ಮೇಲಣ ಕಾವಲಿಗೂ ಬಳಕೆಯಾದ ಲಿಬರೇಟರ್‌ಗಳು 1968ರವರೆಗೆ ಸೇವೆಯಲ್ಲಿದ್ದವು.

ಇನ್ನೊಂದು ಮುಖವನ್ನೂ ಮರೆಮಾಚಬಾರದು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಭೀತರಾದ ಜನ ಕರಾವಳಿಯ ಮನೆಮಠ ಬಿಟ್ಟು ಒಳನಾಡಿನತ್ತ ಹೊರಟರು. ವಿಮಾನ ಕಟ್ಟಲು ಬೇಕಾದ ಕೌಶಲವನ್ನು ಮೆಚ್ಚುವ ವಿದ್ಯಾರ್ಥಿ, ಅದರ ಕೆಳಗಿದ್ದವರನ್ನೂ ನೆನೆಯಬೇಕು.

ಬೋಧನಾ ಕ್ರಮ: ಹತ್ತು ವಿದ್ಯಾರ್ಥಿಗಳಿಗೆ ತಂಡದ ಒಂದೊಂದು ಹೊಣೆಯನ್ನು ವಹಿಸಿ, ತಮ್ಮ ಕೆಲಸವನ್ನು ಕನ್ನಡದಲ್ಲಿ ವಿವರಿಸಲು ಹೇಳುವುದು. ಚಟುವಟಿಕೆ ಬಾಂಬು ಹಾಕುವ ಆಟವಾಗದಂತೆ ಶಿಕ್ಷಕರು ಎಚ್ಚರ ವಹಿಸತಕ್ಕದ್ದು. ಉಳಿದವರು ಭೂಪಟದಲ್ಲಿ ಕಾನ್ಪುರ, ಬೆಂಗಳೂರು, ವಿಶಾಖಪಟ್ಟಣಗಳನ್ನು ಗುರುತಿಸಲಿ. ರೆಕ್ಕೆ, ಬಾಲ, ಚಾಲಕ ಮುಂತಾದ ಪದಗಳ ತೆಲುಗು ರೂಪವನ್ನು ತೆಲುಗು ಮನೆಮಾತಿನ ಮಕ್ಕಳಿಂದ ಕೇಳಿ, ಎರಡೂ ಭಾಷೆಯ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯಬಹುದು.

ಮೌಲ್ಯಮಾಪನ:
1. ಕೆಡಿಸಿದ ವಿಮಾನಗಳು ಮತ್ತೆ ಹಾರಿದ್ದು ಹೇಗೆ?
2. ತಂಡದಲ್ಲಿ ದಾರಿ ಗುಣಿಸುವವನು ತಪ್ಪಿದರೆ ಏನಾಗಬಹುದು?
3. ಅದೇ ಕೌಶಲದಿಂದ ಯುದ್ಧಕ್ಕಲ್ಲದೆ ಬೇರೆ ಏನನ್ನು ನಿರ್ಮಿಸಬಹುದು? ಐದು ವಾಕ್ಯಗಳಲ್ಲಿ ಬರೆಯಿರಿ.