ಪಾಠ: ರಿಮಾಂಡ್ ಹೋಮಿನಲ್ಲಿರುವ ಹುಡುಗನ ಓದು

ನಮ್ಮ ರಾತ್ರಿ ವರ್ಗಕ್ಕೆ ಬರುವ ತಾಯಿಯೊಬ್ಬರು ಒಂದು ದಿನ ಪುಸ್ತಕ ಮುಚ್ಚಿಟ್ಟು ಕೇಳಿದರು: “ಅಕ್ಕೋರ, ನಮ್ಮ ಹುಡುಗ ರಿಮಾಂಡ್ ಹೋಮಿನಾಗ ಅದಾನ್ರಿ. ಏಳನೇತ್ತಾ ತನಕ ಸಾಲಿಗೆ ಹೋಗ್ಯಾನ, ಆದ್ರ ಅಕ್ಷರ ಉಲ್ಟಾ ಬರೀತಾನ. ಒಂದು ಸಾಲು ಓದು ಅಂದ್ರ ಬೆವರತಾನ. ಅಲ್ಲಿ ಎಲ್ಲಾ ಮರಾಠಿ. ಅವಗ ಯಾರು ಕಲಸ್ತಾರ್ರಿ?”

ಆ ದಿನ ಪಾಠ ಮುಂದೆ ಹೋಗಲಿಲ್ಲ. ಎಲ್ಲರೂ ಇದನ್ನೇ ಮಾತಾಡಿದೆವು.

18 ವರ್ಷ ತುಂಬದವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಬಾರದು. ಅವರ ವಿಚಾರಣೆ ಬಾಲ ನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ವಿಚಾರಣೆ ಮುಗಿಯುವ ತನಕ ಹುಡುಗನನ್ನು ಇಡುವ ಮನೆಗೆ ನಾವು ರಿಮಾಂಡ್ ಹೋಮ್ ಅನ್ನುತ್ತೇವೆ. ಕಾಗದದಲ್ಲಿ ಅದರ ಹೆಸರು ವೀಕ್ಷಣಾಲಯ, ಮರಾಠಿಯಲ್ಲಿ ನಿರೀಕ್ಷಣಗೃಹ.

ಅಲ್ಲಿ ಊಟ, ಬಟ್ಟೆ, ಹಾಸಿಗೆ ಕೊಟ್ಟರೆ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. 2015ರ ಬಾಲ ನ್ಯಾಯ ಕಾಯಿದೆಯ 53ನೇ ಕಲಂ ಓದಿ ನೋಡಿ. ಇಂಥ ಮನೆಗಳಲ್ಲಿ ತಕ್ಕ ಶಿಕ್ಷಣ ಕೊಡಬೇಕು, ವಿಶೇಷ ಶಿಕ್ಷಣವೂ ಅದರಲ್ಲಿ ಸೇರಿದೆ ಎಂದು ಅಲ್ಲಿ ಬರೆದಿದೆ. ವಿಶೇಷ ಶಿಕ್ಷಣ ಅಂದರೆ ಕಣ್ಣು, ಕಿವಿ, ಬುದ್ಧಿಯ ತೊಂದರೆ ಇರುವ ಮಕ್ಕಳಿಗೆ ಅವರಿಗೆ ಹೊಂದುವ ರೀತಿಯಲ್ಲಿ ಕಲಿಸುವುದು. ಬುದ್ಧಿ ಚುರುಕಾಗಿದ್ದೂ ಅಕ್ಷರ ಹತ್ತದ ಮಕ್ಕಳಿದ್ದಾರೆ. ಇದಕ್ಕೆ ಕಲಿಕಾ ನ್ಯೂನತೆ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುವ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ಇಂಥ ಹುಡುಗನಿಗೆ ನಾವು “ದಡ್ಡ” ಅಂತೀವಿ, ಮಾಸ್ತರರು “ಸೋಮಾರಿ” ಅಂತಾರೆ. ಸಾಲಿ ಬಿಟ್ಟು ಬೀದಿಗೆ ಬಿದ್ದಾಗ ಪೊಲೀಸರು ಇನ್ನೊಂದು ಹೆಸರು ಇಡುತ್ತಾರೆ.

ಆ ತಾಯಿ ಏನು ಮಾಡಬೇಕು? ಮೊದಲು ವಕೀಲರು. ಮಕ್ಕಳಿಗೂ ಬಂಧನದಲ್ಲಿ ಇರುವವರಿಗೂ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಪುಕ್ಕಟೆ ವಕೀಲರು ಸಿಗುತ್ತಾರೆ. ತಾಲೂಕಿನ ಕೋರ್ಟಿನಲ್ಲಿ ವಿಚಾರಿಸಬಹುದು, ಇಲ್ಲವೆ 15100 ನಂಬರಿಗೆ ಫೋನ್ ಮಾಡಬಹುದು. ಭಾಷೆಯ ಮಾತು ನಮ್ಮ ಗಡಿಯವರಿಗೆ ಬಹಳ ಮುಖ್ಯ. ಮಂಡಳಿಯಲ್ಲಿ ಆಡುವ ಭಾಷೆ ಹುಡುಗನಿಗೆ ತಿಳಿಯದಿದ್ದರೆ ದುಭಾಷಿ ಕೊಡಬೇಕು, ಅಂದರೆ ಕನ್ನಡದಲ್ಲಿ ತಿಳಿಸಿ ಹೇಳುವವರು. ಇದು ಬಾಲ ನ್ಯಾಯ ಕಾಯಿದೆಯ 8ನೇ ಕಲಮಿನಲ್ಲಿದೆ. ಮರಾಠಿ ಬರುವುದಿಲ್ಲ ಎನ್ನಲು ನಾಚಿಕೆ ಬೇಡ. ತಿಳಿಯದೆ ತಲೆ ಆಡಿಸಿದರೆ ನಷ್ಟ ಹುಡುಗನಿಗೇ.

ಇನ್ನೊಂದು. ಹುಡುಗನನ್ನು ಮಂಡಳಿಯ ಮುಂದೆ ಮೊದಲು ನಿಲ್ಲಿಸಿದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರು, ಅವನ ಮನೆ-ಸಾಲಿಯ ಸಂಗತಿ ವಿಚಾರಿಸಿ ವರದಿ ಕೊಡಬೇಕು. ಅವರು ಬಂದಾಗ ಬಡತನದ ಕತೆಯಷ್ಟೇ ಹೇಳಬೇಡಿ. ಅಕ್ಷರ ಉಲ್ಟಾ ಬರೆಯುವುದು, ಸಾಲಿ ಬಿಟ್ಟದ್ದು ಯಾಕೆಂಬುದು, ಎಲ್ಲವನ್ನೂ ಹೇಳಿರಿ. ಹಳೆಯ ವಹಿ ಇದ್ದರೆ ತೋರಿಸಿರಿ. ಅದು ವರದಿಯಲ್ಲಿ ಬಂದರೆ ವಕೀಲರ ಕೈಗೆ ಬಲ ಬರುತ್ತದೆ.

ಓದಿನ ಸಲುವಾಗಿ ಯಾರಾದರೂ ಕೋರ್ಟಿಗೆ ಹೋಗುತ್ತಾರೆಯೇ ಎಂದು ವರ್ಗದಲ್ಲಿ ಒಬ್ಬರು ನಕ್ಕರು. ಅಮೆರಿಕದಲ್ಲಿ ಹೋದರು. ನ್ಯೂಯಾರ್ಕ್ ನಗರದ ರೈಕರ್ಸ್ ದ್ವೀಪದ ಜೈಲಿನಲ್ಲಿದ್ದ ಹುಡುಗರ ಪರವಾಗಿ 1996ರಲ್ಲಿ ವಕೀಲರು ದಾವೆ ಹಾಕಿದರು. ಹುಡುಗರಿಗೆ, ಅದರಲ್ಲೂ ವಿಶೇಷ ಶಿಕ್ಷಣ ಬೇಕಾದವರಿಗೆ, ಕಾನೂನಿನಂತೆ ಪಾಠ ಸಿಗುತ್ತಿಲ್ಲ ಎಂಬುದು ತಕರಾರು. 2000ದಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ ಆ ತಕರಾರು ಖರೆ ಎಂದರು. ಆದರೂ ತೀರ್ಪು ಜಾರಿಯಾಗಲು ವಕೀಲರು ವರ್ಷಗಟ್ಟಲೆ ಬೆನ್ನು ಹತ್ತಬೇಕಾಯಿತು. ನಮ್ಮಲ್ಲಿಯೂ ಒಂದು ಅರ್ಜಿ ಕೊಟ್ಟು ಸುಮ್ಮನೆ ಕೂತರೆ ಆಗದು.

ಅಭ್ಯಾಸ: ಈ ಅರ್ಜಿಯನ್ನು ನಿಮ್ಮ ವಹಿಯಲ್ಲಿ ಬರೆಯಿರಿ.

“ಬಾಲ ನ್ಯಾಯ ಮಂಡಳಿಯವರಿಗೆ. ನನ್ನ ಮಗ ವೀಕ್ಷಣಾಲಯದಲ್ಲಿದ್ದಾನೆ. ಅವನಿಗೆ ಓದಲು ಬರೆಯಲು ಬಹಳ ಕಷ್ಟ. ಅವನ ತಪಾಸಣೆ ಮಾಡಿಸಿ, ಕಾಯಿದೆಯ 53ನೇ ಕಲಮಿನಂತೆ ವಿಶೇಷ ಶಿಕ್ಷಣ ಕೊಡಿಸಬೇಕು. ಅವನ ಮಾತೃಭಾಷೆ ಕನ್ನಡ. ದುಭಾಷಿಯನ್ನು ಕೊಡಬೇಕು.”

ಕೆಳಗೆ ತಾರೀಖು, ಸಹಿ. ಮರಾಠಿ ಬಲ್ಲವರಿಂದ ಒಂದು ಮರಾಠಿ ಪ್ರತಿ ಬರೆಸಿ ಜೊತೆಗಿಡಿ. ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಶಿಕ್ಕಾ ಹಾಕಿಸಿಕೊಳ್ಳಿ. ವರ್ಗದಲ್ಲಿ ಗಟ್ಟಿಯಾಗಿ ಓದುವಾಗ ಮಾತ್ರ ಯಾರ ಮಗನ ಹೆಸರನ್ನೂ ಹೇಳಬೇಡಿ.