ಮೊದಲ ದಿನ ಮರಳಿ ಬರಲೆಂದೇ ಹೊರಡಿ

ಮರೀನಾದಲ್ಲಿ ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ಹಾಯಿದೋಣಿಯನ್ನು ಮತ್ತೆ ಕಡಲಿಗೆ ಒಯ್ಯುವಾಗ ಮೊದಲ ದಿನದ ಓಟವನ್ನು ಪ್ರಯಾಣದ ಲೆಕ್ಕಕ್ಕೆ ಸೇರಿಸಬಾರದು. ಪಡುಗಡಲ ಕರಾವಳಿಯ ಹಾಯಿಯಾನ ನನಗೆ ಕಲಿಸಿದ ಮುಖ್ಯ ಪಾಠ ಇದು. ಮಳೆಗಾಲವನ್ನು ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದ ಮರೀನಾದಲ್ಲಿ ಕಳೆದು ಉತ್ತರಕ್ಕೆ ಹೊರಡುವ ದೋಣಿಯನ್ನೇ ತೆಗೆದುಕೊಳ್ಳಿ. ಅಲ್ಲಿಂದ ಮಂಗಳೂರಿಗೆ ಸುಮಾರು 200 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿ ಸಾಗಿದರೂ 40 ಗಂಟೆ ಬೇಕು. ಕತ್ತಲಲ್ಲಿ ಮೀನುಗಾರರ ಬಲೆಗಳ ನಡುವೆ ದಾರಿ ಹುಡುಕಬೇಕು. ದೋಣಿಯ ಮೇಲೂ ನಮ್ಮ ಮೈಮೇಲೂ ಪೂರ್ತಿ ನಂಬಿಕೆ ಬರುವ ಮೊದಲೇ ಅಂಥ ರಾತ್ರಿಗೆ ಕೈಹಾಕುವುದು ಅನಗತ್ಯ.

ದಡದಲ್ಲೇ ಎಲ್ಲವನ್ನೂ ಪರೀಕ್ಷಿಸಿದ್ದೇವಲ್ಲ, ಎಂಜಿನ್ ವಾರಕ್ಕೊಮ್ಮೆ ಓಡಿಸಿದ್ದೇವಲ್ಲ ಎನ್ನುವವರಿದ್ದಾರೆ. ಕಟ್ಟಿದ ದೋಣಿಯ ಎಂಜಿನ್‌ಗೆ ಹೊರೆ ಇರುವುದಿಲ್ಲ, ಡೀಸೆಲ್ ಟ್ಯಾಂಕ್ ಕುಲುಕುವುದಿಲ್ಲ. ಅರೆಖಾಲಿ ಟ್ಯಾಂಕಿನಲ್ಲಿ ತೇವಾಂಶ ಹನಿಗಟ್ಟಿ ನೀರಾಗಿ ತಳ ಸೇರುತ್ತದೆ. ನೀರು ಡೀಸೆಲ್ ಸೇರುವ ಕಡೆ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಮರೀನಾದಲ್ಲಿ ಅದು ತೆಪ್ಪಗಿರುತ್ತದೆ. ಬಂದರಿನ ಬಾಯಿ ದಾಟಿ ಅಲೆಗೆ ಸಿಕ್ಕ ಮೇಲೆ ಕದಡಿ ಫಿಲ್ಟರಿಗೆ ಬಂದು ಕೂರುತ್ತದೆ, ಎಂಜಿನ್ ಉಸಿರುಗಟ್ಟುತ್ತದೆ. ತಂಪುನೀರಿನ ಪಂಪಿನ ರಬ್ಬರ್ ಇಂಪೆಲರ್ ಕೂಡ ಹಾಗೆಯೇ: ಬಹಳ ದಿನ ಒಂದೇ ಕಡೆ ಬಾಗಿ ನಿಂತ ಅದರ ಎಸಳುಗಳು ಬುಡದಲ್ಲಿ ಸಣ್ಣಗೆ ಬಿರಿದಿರುತ್ತವೆ. ಹತ್ತು ನಿಮಿಷ ಓಡಿಸಿದರೆ ಏನೂ ತಿಳಿಯದು. ಗಂಟೆಗಟ್ಟಲೆ ದುಡಿಸಿದಾಗ ಎಸಳು ಕಿತ್ತುಬಂದು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂಬದಿಯ ಹೊಗೆಕೊಳವೆಯಿಂದ ಚಿಮ್ಮುವ ನೀರಿನ ಮೇಲೆ ಆ ದಿನವೆಲ್ಲ ಒಂದು ಕಣ್ಣಿರಬೇಕು. ಇನ್ನು ದೋಣಿಯ ತಳ. ಮಳೆಗಾಲದಲ್ಲಿ ಕೊಚ್ಚಿಯ ಹಿನ್ನೀರು ಬಹುಪಾಲು ಸಿಹಿಯಾಗಿರುತ್ತದೆ, ಮಳೆ ನಿಂತ ಮೇಲೆ ಉಪ್ಪು ಏರುತ್ತದೆ, ಅದರೊಂದಿಗೆ ಬಾರ್ನಕಲ್ ಚಿಪ್ಪುಗಳೂ ಮುತ್ತಿಕೊಳ್ಳುತ್ತವೆ. ಸೆಪ್ಟೆಂಬರಿನಲ್ಲಿ ನುಣುಪಾಗಿದ್ದ ಪ್ರೊಪೆಲರ್ ಡಿಸೆಂಬರಿನಲ್ಲೂ ಹಾಗೇ ಇದೆ ಎಂದು ನಂಬಿ ಹೊರಟರೆ ವೇಗ ಏರದು, ಕಪ್ಪು ಹೊಗೆ ಮಾತ್ರ ಏರುತ್ತದೆ.

ಋತು ಚಿಕ್ಕದು, ಒಂದು ದಿನವನ್ನೂ ಕಳೆಯುವಂತಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಜೂನ್ ಆರಂಭಕ್ಕೆ ಮುಂಗಾರು ಕೇರಳ ಮುಟ್ಟುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯುದ್ದಕ್ಕೂ ಸಾಗಿದ್ದು ನೆನಪಿದೆ. ಆದರೆ 2017ರ ನವೆಂಬರ್ ಕೊನೆಗೆ, ಹೊರಡಲು ಒಳ್ಳೆಯದೆನ್ನುವ ಕಾಲದಲ್ಲೇ, ಓಖಿ ಚಂಡಮಾರುತ ಎದ್ದು ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರ ಜೀವ ತೆಗೆಯಿತು. ಅವಸರಕ್ಕೆ ಕಾರಣವಾಗುವ ಹವಾಮಾನವೇ, ಬೇಕೆಂದಾಗ ಎಂಜಿನ್ ಕೈಕೊಡಬಾರದು ಎಂಬುದಕ್ಕೂ ಕಾರಣ. ನಮ್ಮ ಕರಾವಳಿಯ ಮೀನುಗಾರರಿಗೆ ಇದು ಗೊತ್ತು. 61 ದಿನಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದರೂ ಅಳಿವೆಯಲ್ಲಿ ಅಬ್ಬರ ಇಳಿಯದಿದ್ದರೆ ಮಲ್ಪೆ, ಗಂಗೊಳ್ಳಿಯ ದೋಣಿಗಳು ಕಾಯುತ್ತವೆ. ಒಂದೊಂದು ದಿನದ ದುಡಿಮೆಯೂ ಲೆಕ್ಕಕ್ಕೆ ಬರುವವರು ಅವರು. ವಿಹಾರಕ್ಕೆ ಹೊರಟವರಿಗೆ ಅವರಿಗಿಂತ ಹೆಚ್ಚಿನ ತುರ್ತು ಏನಿದೆ?

ಕಾಗದಪತ್ರದ ತೊಡಕು ಮಾತ್ರ ನಿಜವಾದದ್ದು. ವಿದೇಶಿ ಧ್ವಜದ ದೋಣಿ ಕಸ್ಟಮ್ಸ್, ಇಮಿಗ್ರೇಷನ್ ಮುಗಿಸಿ ಹೊರಟ ಮೇಲೆ ಹಿಂತಿರುಗಿದರೆ ಮತ್ತೆ ಕಚೇರಿಗಳನ್ನು ಸುತ್ತಬೇಕಾಗುತ್ತದೆ. ಆದ್ದರಿಂದ ಪರೀಕ್ಷೆಯ ಓಟವನ್ನು ಬಂದರಿನ ಅನುಮತಿ ಕೇಳಿ, ನಿರ್ಗಮನದ ಮುದ್ರೆ ಬೀಳುವ ಮುಂಚೆಯೇ ಮುಗಿಸುವುದು ಲೇಸು. ಮೈಗೂ ಅದರಿಂದ ಉಪಕಾರ: ನಿಂತ ನೀರಿಗೆ ಒಗ್ಗಿದ ದೇಹಕ್ಕೆ ಅಲೆಯ ತೂಗಾಟ ಮತ್ತೆ ಹೊಂದಲು ಎರಡು ಮೂರು ದಿನ ಹಿಡಿಯಬಹುದು, ಮೊದಲ ವಾಂತಿ ರಾತ್ರಿ ಪಾಳಿಯಲ್ಲಿ ಆಗುವುದಕ್ಕಿಂತ ಹಗಲಲ್ಲಿ ಆಗುವುದು ಎಷ್ಟೋ ಮೇಲು. ಚಳಿಗಾಲದ ಗಾಳಿಯೂ ಇದಕ್ಕೆ ಒದಗಿಬರುತ್ತದೆ. ಬೆಳಗಿನ ಜಾವ ಮೂಡಣದ ನೆಲಗಾಳಿ ಫೋರ್ಟ್ ಕೊಚ್ಚಿ, ವೈಪಿನ್ ನಡುವಿನಿಂದ ದೋಣಿಯನ್ನು ಹೊರಗಟ್ಟುತ್ತದೆ. ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಉತ್ತರದ ದಾರಿಗೆ ಅಡ್ಡ ಬರುವ ಆ ಗಾಳಿ ಬಂದರಿಗೆ ತಿರುಗುವವರಿಗೆ ಅನುಕೂಲ. ಹಾಯಿಗಳನ್ನು ಪೂರ್ತಿ ಬಿಚ್ಚಿ, ಒಮ್ಮೆ ಕಿರಿದುಗೊಳಿಸಿ, ಲಂಗರು ಇಳಿಸಿ ಎತ್ತಿ, ಎಂಜಿನ್ ಗಂಟೆಗಟ್ಟಲೆ ದುಡಿಸಿ ಸಂಜೆಗೆ ಒಳಗೆ ಬಂದರೆ ಫಿಲ್ಟರ್ ಬಿಚ್ಚಿ ನೋಡಲು ಬೆಳಕೂ ಉಳಿದಿರುತ್ತದೆ.